ಗಾಡಿಖಾನೆ ಸಾಲಿನ ಗೋಡೆ

ಇಜಾಜ್ ಗ್ಯಾರೇಜ್
ಗಾಡಿಖಾನೆ ಸಾಲು, ಚಿಕ್ಕಮಗಳೂರು
22-1-2024

ಸರೋಜಮ್ಮ ಟೀಚರ್‌ಗೆ ನಮಸ್ಕಾರ. ಇಲ್ಲಿ ರಿಪೇರಿಗೆ ಬಂದ ಗಾಡಿಗಳನ್ನು ಬಿಟ್ಟರೆ ಮಿಕ್ಕವರೆಲ್ಲ ಸೌಖ್ಯ.

ಮೊನ್ನೆ ನಿಮಗೆ ಫೋನ್ ಮಾಡಿದವನು ನಾನೇ, ಗ್ಯಾಸಿನವನಲ್ಲ. ಇಜಾಜ್, ಇಜಾಜ್ ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ನೀವು "ಸಿಲಿಂಡರು ನಿನ್ನೇನೇ ಬಂತಪ್ಪ" ಅಂತ ಇಟ್ಟುಬಿಟ್ಟಿರಿ. ಎರಡೂ ಕಿವಿ ಹೋಯಿತು, ಏನಿದ್ದರೂ ಕಾಗದ ಬರಿ, ಜೊತೆಗೊಂದು ಚಿತ್ರ ಇಡು ಅಂತ ಕಳಸಕ್ಕೆ ತಂಗಿ ಮನೆಗೆ ಹೊರಟಾಗಲೇ ಹೇಳಿದ್ದಿರಿ. ಸ್ಕೂಲು ಬಿಟ್ಟ ಮೇಲೆ ನಾನು ಬರೆದದ್ದೆಲ್ಲ ಬಿಲ್ಲು. ತಪ್ಪಿದ್ದರೆ ಕೆಂಪು ಶಾಯಿ ಹಾಕಬೇಡಿ, ನೀವು ಡ್ರಾಯಿಂಗ್ ಟೀಚರ್, ಕನ್ನಡ ಪಂಡಿತರಲ್ಲ.

ಭಾನುವಾರ ಎಲ್ಲರೂ ಸೇರಿ ಚಿತ್ರ ಬರೆಯುವುದು ನಿಂತಿಲ್ಲ. ನೀವು ಕಟ್ಟಿದ ಗುಂಪಿಗೆ ಹೊಸಬರು ಸೇರಿದ್ದಾರೆ. ಈಚೆಗೆ ಕೋಟೆ ಕಡೆಯ ಹಳೇ ಮನೆಗಳನ್ನು ಬರೆದೆವು. ಹಿರೇಮಗಳೂರಿಗೆ ಹೋಗಿ ದೇವಸ್ಥಾನದ ಕಂಬಗಳನ್ನು ಬರೆದೆವು. ಅಲ್ಲಿ ಮೇಘಶ್ರೀ ಅನ್ನುವ ಕಾಲೇಜು ಹುಡುಗಿ, "ಅಂಕಲ್, ನಿಮ್ ಗ್ಯಾರೇಜ್ ಇರೋ ಸಾಲು ಇದಕ್ಕಿಂತ ಏನು ಕಮ್ಮಿ? ಅದನ್ಯಾಕೆ ಬರಿಯಲ್ಲ?" ಅಂದಳು. ಅಲ್ಲ ಟೀಚರ್, ಅಪ್ಪನ ಕಾಲದಿಂದ ಅದರೊಳಗೆ ಗ್ರೀಸು ಮೆತ್ತಿಕೊಂಡು ಬಿದ್ದಿದ್ದೇನೆ, ಒಂದು ದಿನವಾದರೂ ಎದುರು ನಿಂತು ನೋಡಿದವನಲ್ಲ. ಮನೆಯ ಹೆಂಡತಿಯನ್ನೂ ಹೀಗೇ ನೋಡಿಲ್ಲ ಅಂತ ಶಬನಂ ಪಕ್ಕದಿಂದ ಹೇಳುತ್ತಿದ್ದಾಳೆ.

ನಿನ್ನೆ ಎದುರಿನ ಜಗಲಿಯ ಮೇಲೆ ಕೂತೆ. ಎಸ್ಟೇಟುಗಳಿಂದ ಕಾಫಿ ಹೊತ್ತು ಬಂದ ಎತ್ತಿನಗಾಡಿಗಳು ತಂಗುತ್ತಿದ್ದ ಜಾಗವಂತೆ, ಅದಕ್ಕೇ ಗಾಡಿಖಾನೆ. ಮುಂದೆ ಮರದ ಕಂಬಗಳು, ಉದ್ದಕ್ಕೂ ಒಂದೇ ಹೆಂಚಿನ ಮಾಡು, ಕಂಬಗಳ ಹಿಂದೆ ಉದ್ದಕ್ಕೂ ಒಂದೇ ಗೋಡೆ. ಆ ತುದಿಗೆ ಹಾಲೇಶನ ಛತ್ರಿ ರಿಪೇರಿ, ಈ ತುದಿಗೆ ನಾನು, ನಡುವೆ ಭಾಗಮ್ಮನ ಹೋಟೆಲು. ಸ್ಕೂಲಿಗೆ ಹೋಗುವಾಗ ನೀವು ಕಡುಬು ತಿನ್ನುತ್ತಿದ್ದಿರಲ್ಲ, ಅದೇ ಬೆಂಚು ಈಗಲೂ ಇದೆ. ಹಿಂದಿನ ಕೋಣೆಯೇ ಭಾಗಮ್ಮನ ಮನೆ. ಕ್ಯೂರಿಂಗಿನಲ್ಲಿ ಕಾಫಿಬೀಜ ಹಸನು ಮಾಡಲು ಹೋಗುವ ಹೆಂಗಸರು ಬೆಳಗ್ಗೆ ಅವರ ಕೈಯ ಅಕ್ಕಿರೊಟ್ಟಿ ತಿನ್ನದೆ ಮುಂದಕ್ಕೆ ಹೋಗುವುದಿಲ್ಲ.

ನೀವು ಮಾಡಿಟ್ಟ ಕಟ್ಟಳೆಯಂತೆ ಚಿತ್ರದ ಕೆಳಗೆ ಊರು, ತಾರೀಖು, ಸಹಿ, "ಕಣ್ಣೆದುರು ಕೂತು ಬರೆದದ್ದು" ಅನ್ನುವ ಮಾತು ಎಲ್ಲ ಹಾಕಿದ್ದೇನೆ. ಫೋಟೋ ನೋಡಿ ಬರೆದವರಿಗೆ ಗುಂಪಿನಲ್ಲಿ ಈಗಲೂ ಕಾಫಿ ಕೊಡುವುದಿಲ್ಲ.

ಬೈಯುವುದಿದ್ದರೆ ಬೈದು ಬರೆಯಿರಿ.

ನಿಮ್ಮ ಶಿಷ್ಯ
ಇಜಾಜ್


ಕಳಸ
3-2-2024

ಇಜಾಜ್‌ಗೆ ಆಶೀರ್ವಾದ.

ಚಿತ್ರ ಬಂತು. ಟ್ಯೂಬಿನಲ್ಲಿ ಸುತ್ತಿ ಕಳಿಸುವ ಬುದ್ಧಿ ಕೊನೆಗೂ ಬಂತಲ್ಲ, ಸಂತೋಷ. ಇಲ್ಲಿ ಬಸ್‌ಸ್ಟ್ಯಾಂಡಿನ ಮೇಲಿನ ಮನೆ. ಹೊರನಾಡಿನ ಬಸ್ಸುಗಳೂ ಜೀಪುಗಳೂ ಇಡೀ ದಿನ ಹಾರನ್ ಹೊಡೆಯುತ್ತವಂತೆ. ಕಿವಿ ಹೋದದ್ದರ ಲಾಭ ನನಗೊಬ್ಬಳಿಗೇ.

ಕಂಬಗಳು ಚೆನ್ನಾಗಿವೆ. ಮಾಡಿನ ಇಳಿಜಾರು ಸರಿಯಿದೆ. ಭಾಗಮ್ಮನ ಬೆಂಚಿನ ಒಂದು ಕಾಲು ಗಿಡ್ಡವಾಗಿರುವುದನ್ನೂ ಬಿಟ್ಟಿಲ್ಲ, ಭೇಷ್. ಆದರೆ ಒಂದು ಕೇಳುತ್ತೇನೆ. ಹೋಟೆಲಿನ ಬಾಗಿಲಿನ ಮೇಲೆ ಗೋಡೆಯಲ್ಲಿ ಕೂದಲೆಳೆಯಂಥ ಒಂದು ಗೆರೆ ಎಳೆದು ಕೈಬಿಟ್ಟಿದ್ದೀಯಲ್ಲ, ಅದೇನು? ಬಿರುಕು ತಾನೇ? ಬಿರುಕಾದರೆ ಬಿರುಕು ಅಂತಲೇ ಬರಿ. ಹೆಣ್ಣು ನೋಡಲು ಬಂದವರ ಮುಂದೆ ಮಗಳ ಮುಖದ ಮಚ್ಚೆ ಮುಚ್ಚಿದ ಹಾಗೆ ಮಾಡಿದ್ದೀ. ನಿನ್ನ ಅಂಗಡಿ ಸಾಲು ಅಂತ ಮಮಕಾರ.

ಎಷ್ಟು ಸಲ ಹೇಳಿದ್ದೇನೆ, ಕಣ್ಣಿಗೆ ಕಂಡದ್ದನ್ನು ಬರಿ, ಮನಸ್ಸಿಗೆ ಬೇಕಾದದ್ದನ್ನಲ್ಲ. ಇನ್ನೊಮ್ಮೆ ಕೂತುಕೋ. ಬೆಳಗಿನ ಬಿಸಿಲು ಗೋಡೆಗೆ ಓರೆಯಾಗಿ ಬೀಳುವ ಹೊತ್ತಿಗೆ ಕೂತು ಆ ಬಿರುಕು ಎಲ್ಲಿ ಹುಟ್ಟುತ್ತದೆ, ಎಲ್ಲಿಗೆ ಇಳಿಯುತ್ತದೆ ನೋಡು. ಮೆತ್ತನೆಯ ಪೆನ್ಸಿಲು ತಗೋ. ಅಂಜದೆ ಒತ್ತಿ ಬರಿ.

ಭಾಗಮ್ಮನನ್ನು ಕೇಳಿದೆ ಅನ್ನು. ಇಲ್ಲಿಯ ಕಡುಬು ಕಲ್ಲು.

ಸರೋಜಮ್ಮ


ಗಾಡಿಖಾನೆ ಸಾಲು
2-4-2024

ಟೀಚರ್‌ಗೆ ನಮಸ್ಕಾರ.

ಉಪವಾಸದ ತಿಂಗಳು, ಬಾಯಿ ಒಣಗಿದೆ, ಆದರೂ ಈ ಸುದ್ದಿ ಬರೆಯದೆ ಇರಲಾರೆ. ನೀವು ಹೇಳಿದ ಹಾಗೇ ಬೆಳಗಿನ ಬಿಸಿಲಿಗೆ ಕೂತು ಮತ್ತೆ ಬರೆದೆ. ಓರೆ ಬಿಸಿಲಿಗೆ ಆ ಬಿರುಕು ಮಾಡಿನಡಿಯಿಂದ ಬಾಗಿಲ ಚೌಕಟ್ಟಿನವರೆಗೆ ಕರ್ರಗೆ ಎದ್ದು ಕಂಡಿತು ಟೀಚರ್. ಒತ್ತಿ ಬರೆದೆ. ಬರೆದು ಮುಗಿಸಿದಾಗ ಇಡೀ ಚಿತ್ರಕ್ಕೆ ಉಸಿರು ಬಂದಿತ್ತು.

ಗುಂಪಿನವರು ಸೇರಿ ಒಂದು ಶಾಲೆಯ ಹಾಲಿನಲ್ಲಿ ಪ್ರದರ್ಶನ ಇಟ್ಟರು. ಕೋಟೆ, ಕೆರೆ, ಮಸೀದಿ, ಚರ್ಚು, ಟೌನಿನ ಎಲ್ಲ ಹಳೇ ಕಟ್ಟಡಗಳೂ ಗೋಡೆಗೆ ಬಂದವು. ಆದರೆ ಜನ ನಿಂತದ್ದು ನಮ್ಮ ಗಾಡಿಖಾನೆ ಮುಂದೆ. ಭಾಗಮ್ಮ ಒಲೆ ಆರಿಸಿ, ಒಳ್ಳೇ ಸೀರೆ ಉಟ್ಟು ಬಂದಿದ್ದರು. "ನನ್ ಹೋಟ್ಲು ಇಷ್ಟು ಚಂದ ಇದ್ಯಾ ಮಾರಾಯ? ನಾನು ಒಳ್ಗಡೆನೇ ಕೂತು ಕೆಟ್ಟೆ!" ಅಂತ ಹಾಲು ಬಿದ್ದುಹೋಗುವ ಹಾಗೆ ನಕ್ಕರು.

ನಮ್ಮ ಸಾಲಿನ ಮಾಲೀಕ ಚನ್ನಕೇಶವ ಬಂದಿದ್ದ. ನನ್ನ ಕ್ಲಾಸಿನವನೇ, ನಿಮ್ಮ ಕೈಯಲ್ಲಿ ಕಿವಿ ಹಿಂಡಿಸಿಕೊಂಡವನು. ಚಿತ್ರದ ಮುಂದೆ ತುಂಬ ಹೊತ್ತು ನಿಂತ. "ಏನೋ ಇಜಾಜ್, ಈ ಬಿರುಕು ನಿಜವಾಗ್ಲೂ ಹೀಗೇ ಇದ್ಯೇನೋ?" ಅಂದ. ಎಲ್ಲರೂ ಇದ್ದರು. ನನಗೆ ಎದೆ ಉಬ್ಬಿತು. "ಸರೋಜಮ್ಮ ಟೀಚರ್ ಶಿಷ್ಯ ಕಣೋ ನಾನು, ಇಲ್ಲದ್ದು ಬರೀತೀನಾ?" ಅಂದೆ. ಅವನು ಅಲ್ಲೇ ಚಿತ್ರ ಕೊಂಡುಕೊಂಡ. ನನ್ನ ಜನ್ಮದಲ್ಲಿ ಮಾರಾಟವಾದ ಮೊದಲನೇ ಚಿತ್ರ!

ಜೆರಾಕ್ಸ್ ಕಳಿಸಿದ್ದೇನೆ. ನೋಡಿ ನಾಲ್ಕು ಮಾತು ಬರೆಯಿರಿ.

ಇಜಾಜ್


ಗಾಡಿಖಾನೆ ಸಾಲು
6-5-2024

ಟೀಚರ್,

ನನ್ನ ಹೊಟ್ಟೆಗೆ ನಾನೇ ಕಲ್ಲು ಹಾಕಿಕೊಂಡಿದ್ದೇನೆ. ನನ್ನೊಬ್ಬನದಾದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು, ಭಾಗಮ್ಮನದೂ ಸೇರಿದೆ.

ನಮ್ಮನ್ನು ಎಬ್ಬಿಸಿ ಇಲ್ಲಿ ಲಾಡ್ಜು ಕಟ್ಟಿಸಬೇಕು ಅಂತ ಚನ್ನಕೇಶವನ ಅಪ್ಪ ಬದುಕಿರುವವರೆಗೂ ಒದ್ದಾಡಿದರು. ಅಜ್ಜಂದಿರ ಕಾಲದ ಬಾಡಿಗೆ, ನಾವು ಅಲ್ಲಾಡಲಿಲ್ಲ. ಮಗ ಜಗಳ ಆಡಲಿಲ್ಲ. ಎಲ್ಲಿಂದಲೋ ಒಬ್ಬ ಇಂಜಿನಿಯರನ್ನು ಕರೆತಂದ. ಆ ಪುಣ್ಯಾತ್ಮ ಕಾರಿನಿಂದ ಇಳಿದು ಗೋಡೆ ಮುಟ್ಟಲೂ ಇಲ್ಲ. ಒಂದು ಕೈಯಲ್ಲಿ ನನ್ನ ಚಿತ್ರ ಹಿಡಿದು, ಇನ್ನೊಂದು ಕೈಯಲ್ಲಿ ಗೋಡೆ ತೋರಿಸಿ, ಈ ಮಳೆಗಾಲ ದಾಟುವುದಿಲ್ಲ ಅಂತ ಬರೆದುಕೊಟ್ಟು ಹೋದ.

ಈಗ ಚನ್ನಕೇಶವ ಕಟ್ಟು ಹಾಕಿಸಿದ ಚಿತ್ರವನ್ನು ಜೀಪಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದಾನೆ. "ನಾನು ಯಾರನ್ನೂ ಓಡಿಸ್ತಿಲ್ಲಪ್ಪ. ನಿಮ್ಮ ಇಜಾಜೇ ಬರ್ದಿದ್ದಾನೆ, ನೋಡಿ. ಕಣ್ಣೆದುರು ಕೂತು ಬರ್ದಿದ್ದಂತೆ. ತಾರೀಖಿದೆ, ಸೈನಿದೆ. ನಾಳೆ ಗೋಡೆ ಬಿದ್ದು ಜೀವ ಹೋದ್ರೆ ಯಾರು ಜವಾಬ್ದಾರಿ?" ಅನ್ನುತ್ತಾನೆ. ನಿಮ್ಮ ಆ ಕಟ್ಟಳೆಯ ಸಾಲಿನ ಮೇಲೆಯೇ ಬೆರಳಿಟ್ಟು ತೋರಿಸುತ್ತಾನೆ.

ಚಿತ್ರಕ್ಕೋಸ್ಕರ ಸ್ವಲ್ಪ ಜಾಸ್ತಿ ಬರೆದೆ ಕಣೋ ಅಂದೆ. "ಹಾಗಾದ್ರೆ ಟೀಚರ್ ಕೈಲಿ ಹೇಳ್ಸು. ಅವ್ರು ಸುಳ್ಳು ಹೇಳಲ್ಲ" ಅಂದ. ಹಾಲೇಶ ಹೆದರಿ ಛತ್ರಿ ಕಡ್ಡಿಗಳನ್ನೆಲ್ಲ ಮನೆಗೆ ಸಾಗಿಸಿದ್ದಾನೆ. ಭಾಗಮ್ಮ ರೊಟ್ಟಿ ತಟ್ಟುತ್ತ ಒಲೆ ಮೇಲಿನ ಹೆಂಚು ನೋಡುವುದು ಬಿಟ್ಟು ಗೋಡೆ ನೋಡುತ್ತಾರೆ. ನಿನ್ನೆ ಅವರು ಹೇಳಿದ್ದು ಇಷ್ಟೇ. "ಟೀಚರಮ್ಮ ಇರು ಅಂದ್ರೆ ಇರ್ತೀನಿ. ಹೋಗು ಅಂದ್ರೆ ಹೋಗ್ತೀನಿ." ನಡುವಿನ ಹೋಟೆಲು ಎದ್ದರೆ ಮುಗಿಯಿತು ಟೀಚರ್. ಒಂದೇ ಮಾಡು, ಒಂದೇ ಗೋಡೆ, ಆಮೇಲೆ ನಮ್ಮಿಬ್ಬರ ಮಾತಿಗೆ ಬೆಲೆಯಿಲ್ಲ.

ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಹೋಟೆಲಿನಲ್ಲಿ ಎಲ್ಲರೂ ಕೂರುತ್ತೇವೆ. ಅಷ್ಟರಲ್ಲಿ ಒಂದು ಸಾಲು ಬರೆದು ಕಳಿಸಿ. ಬಿರುಕು ಸಣ್ಣದು, ಚಿತ್ರ ಚಂದ ಕಾಣಲಿ ಅಂತ ದೊಡ್ಡದು ಮಾಡಲು ನಾನೇ ಹೇಳಿದ್ದೆ, ಅಂತ. ಒತ್ತಿ ಬರಿ ಅಂದವರು ನೀವು ತಾನೇ? ಪೂರ್ತಿ ಸುಳ್ಳೂ ಅಲ್ಲವಲ್ಲ.

ಕಾಲಿಗೆ ಬಿದ್ದು ಕೇಳುತ್ತಿದ್ದೇನೆ.

ಇಜಾಜ್


ಕಳಸ
12-5-2024

ಇಜಾಜ್,

ನಿನ್ನ ಕಾಗದ ಬಂದಾಗಿನಿಂದ ಊಟ ಸೇರುತ್ತಿಲ್ಲ. ನೀನು ಕೇಳಿದ ಆ ಒಂದು ಸಾಲನ್ನು ಬರೆದೆ. ಬರೆದು ಹರಿದೆ. ಕ್ಷಮಿಸು ಮಗಾ, ನನ್ನ ಕೈಲಾಗದು.

ಜೆರಾಕ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಡಿದು ನೋಡಿದೆ. ಚಂದಕ್ಕೆ ಬರೆದ ಗೆರೆ ಯಾವುದು, ಕಂಡು ಬರೆದ ಗೆರೆ ಯಾವುದು ಅಂತ ಇಷ್ಟು ವರ್ಷ ಮಕ್ಕಳ ಪುಸ್ತಕ ತಿದ್ದಿದ ನನಗೆ ಗೊತ್ತಾಗುವುದಿಲ್ಲವೇ? ನೀನು ಕಂಡು ಬರೆದಿದ್ದೀ. ಅಂಥ ಬಿರುಕು ಮಾಡಿನಿಂದ ಬಾಗಿಲಿಗೆ ಇಳಿದಿದ್ದರೆ ಆ ಗೋಡೆ ಯಾರ ಮಾತಿಗೂ ಕಾಯುವುದಿಲ್ಲ. ಅದರಡಿ ಭಾಗಮ್ಮ ಮಲಗುತ್ತಾಳೆ. ನಾನು ಇಲ್ಲಿ ಬೆಚ್ಚಗೆ ಕೂತು ಇರು ಅಂತ ಬರೆದು, ಆಷಾಢದ ಮಳೆಗೆ ಅವಳು ಕಲ್ಲಿನಡಿ ಸಿಕ್ಕಿದರೆ, ಆಮೇಲೆ ನಾನು ಯಾವ ದೇವರ ಮುಂದೆ ನಿಲ್ಲಲಿ?

ನಿನ್ನ ಗ್ಯಾರೇಜು ಹೋಗುತ್ತದೆ ಅಂತ ನನಗೆ ಗೊತ್ತು. ಅವಳ ಒಲೆ ಹೋಗುತ್ತದೆ ಅಂತಲೂ ಗೊತ್ತು. ಜೀವ ಇದ್ದರೆ ಇನ್ನೊಂದು ಕಡೆ ಒಲೆ ಹೂಡಬಹುದು.

ಕೂತವರ ಮುಂದೆ ಇದನ್ನು ಓದು. ಭಾಗಮ್ಮ, ಇಜಾಜ್ ಬರೆದದ್ದು ನಿಜ. ಮಳೆ ಹಿಡಿಯುವ ಮೊದಲು ಹೊರಟುಬಿಡು. ಇದು ನಾನು ಹೇಳುತ್ತಿರುವ ಮಾತು.

ನನ್ನ ಮೇಲೆ ಸಿಟ್ಟು ಮಾಡಿಕೋ. ನಿನಗೆ ಹಕ್ಕಿದೆ.

ಸರೋಜಮ್ಮ


ಗಾಡಿಖಾನೆ ಸಾಲು
21-5-2024

ಟೀಚರ್‌ಗೆ,

ನಿಮ್ಮ ಕಾಗದ ಓದಿದೆ. ಒಂದಕ್ಷರ ಬಿಡದೆ ಓದಿದೆ.

ಚನ್ನಕೇಶವ, ಹಾಲೇಶ, ಅಕ್ಕಪಕ್ಕದ ಅಂಗಡಿಯವರು, ಕ್ಯೂರಿಂಗಿನ ಹೆಂಗಸರು, ಎಲ್ಲ ಇದ್ದರು. ನಾನು ಓದಿ ಮುಗಿಸಿದೆ. ಭಾಗಮ್ಮ ಸೆರಗಿಗೆ ಕೈ ಒರೆಸಿಕೊಂಡು, "ಟೀಚರಮ್ಮ ಹೇಳಿದ್ಮೇಲೆ ಆಯ್ತು. ಎಲ್ಲಿ ಹೆಬ್ಬೆಟ್ಟು ಒತ್ತಬೇಕು?" ಅಂದರು. ಅಷ್ಟೇ. ಬಂದವರಿಗೆಲ್ಲ ಕಾಫಿ ಕೊಟ್ಟರು, ಚನ್ನಕೇಶವನಿಗೂ. ಜಾಗ ಬಿಡುವ ಕಾಗದಕ್ಕೆ ಹಾಲೇಶನೂ ಸಹಿ ಹಾಕಿದ. ಕೊನೆಗೆ ನಾನು ಹಾಕಿದೆ. ನನ್ನ ಸಹಿ ನೋಡಿ ಚನ್ನಕೇಶವ, "ಚಿತ್ರದ ಕೆಳಗಿನ ಸೈನ್ ಇದಕ್ಕಿಂತ ಚೆನ್ನಾಗಿದೆ ಕಣೋ" ಅಂತ ತಮಾಷೆ ಮಾಡಿದ.

ಚನ್ನಕೇಶವ ಕೊಟ್ಟ ದುಡ್ಡು ಏನೂ ಸಾಲದು. ಅದರ ಮಾತು ಬೇಡ. ಭಾಗಮ್ಮ ಅತ್ತಿಗುಂಡಿಗೆ ಹೋಗುತ್ತಾರೆ. ಅಲ್ಲಿ ಯಾರದೋ ಹೋಮ್‌ಸ್ಟೇನಲ್ಲಿ ಅಡುಗೆಗೆ ಜನ ಬೇಕಂತೆ. ಇಷ್ಟು ವರ್ಷ ಯಜಮಾನಿಯಾಗಿ ಕೂತವರು ಈ ವಯಸ್ಸಿಗೆ ಇನ್ನೊಬ್ಬರ ಅಡುಗೆಮನೆಗೆ.

ಸಿಟ್ಟು ಮಾಡಿಕೋ ಅಂದಿದ್ದಿರಿ. ಮಾಡಿಕೊಂಡಿದ್ದೇನೆ.

ಇಜಾಜ್


ಕಳಸ
8-7-2024

ಇಜಾಜ್‌ಗೆ,

ಎರಡು ಕಾಗದ ಹಾಕಿದೆ, ಉತ್ತರವಿಲ್ಲ. ನಿನ್ನ ಮನೆಯ ವಿಳಾಸ ನೆನಪಿನಿಂದ ಬರೆದದ್ದು, ತಲುಪಿತೋ ಇಲ್ಲವೋ. ಇಲ್ಲಿ ಭದ್ರೆ ಕೆಂಪಗೆ ಉಕ್ಕಿದ್ದಾಳೆ. ಕರೆಂಟಿಲ್ಲ.

ಒಂದು ಮಾತು ಕೇಳಬೇಕು, ಕೇಳಲು ನಾಚಿಕೆ. ಗೋಡೆ ಬಿತ್ತೇನಪ್ಪ? ಬಿದ್ದಿರಲಿ ಅಂತ ದಿನಾ ಅಂದುಕೊಳ್ಳುತ್ತೇನೆ. ಬಿದ್ದಿದ್ದರೆ ನಾನು ಮಾಡಿದ್ದು ಸರಿ ಅಂತಾಗುತ್ತದೆ. ಎಂಥಾ ಕೆಟ್ಟ ಆಸೆ ನೋಡು. ನಾನು ಚಿತ್ರ ಕಲಿಸಿದ ಮಕ್ಕಳು ಬೆಳೆದ ಬೀದಿಯ ಗೋಡೆ ಬೀಳಲಿ ಅಂತ ನಾನೇ ಹರಕೆ ಹೊತ್ತ ಹಾಗಿದೆ.

ಚಿತ್ರ ಬೇಡ. ಎರಡು ಸಾಲು ಬರಿ.

ಸರೋಜಮ್ಮ


ಚಿಕ್ಕಮಗಳೂರು
19-8-2024

ಟೀಚರ್,

ಗೋಡೆ ಬೀಳಲಿಲ್ಲ.

ಜೂನಿನಲ್ಲಿ ಹೆಂಚು ಇಳಿಸಿದರು, ಮರ ಬಿಚ್ಚಿ ಮಾರಿದರು. ಅಷ್ಟರಲ್ಲಿ ಮಳೆ ಹಿಡಿಯಿತು, ಕೆಲಸ ನಿಂತಿತು. ಮಾಡು ಇಲ್ಲದ ಗೋಡೆ ಒಂದೇ ರಸ್ತೆ ಬದಿಗೆ ನಿಂತಿತ್ತು. ಈ ಸಲದ ಮಳೆ ನಿಮಗೆ ಗೊತ್ತೇ ಇದೆ, ಎಷ್ಟು ಕಡೆ ಗುಡ್ಡಗಳೇ ಕೂತವು. ಇವತ್ತು ಬೀಳುತ್ತದೆ, ನಾಳೆ ಬೀಳುತ್ತದೆ ಅಂತ ಜನ ಆ ಕಡೆ ನಡೆಯುವುದನ್ನೇ ಬಿಟ್ಟರು. ನಾನು ದಿನಾ ಹೋಗಿ ನೋಡುತ್ತಿದ್ದೆ. ನಿಮ್ಮ ಹಾಗೇ ನಾನೂ ಬೀಳಲಿ ಅಂತ ಬೇಡಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಬಿದ್ದದ್ದು ಗಾರೆ. ನೆನೆದು ನೆನೆದು ಮೇಲಿನ ಸುಣ್ಣದ ಗಾರೆ ಹಪ್ಪಳದ ಹಾಗೆ ಕಳಚಿತು. ನಮ್ಮ ಬಿರುಕೂ ಅದರ ಜೊತೆಗೇ ಬಿತ್ತು ಟೀಚರ್. ಬಿರುಕು ಇದ್ದದ್ದು ಗಾರೆಯಲ್ಲಿ ಮಾತ್ರ. ಒಳಗೆ ಕೆತ್ತಿ ಕೂರಿಸಿದ ಕಲ್ಲು, ಕಲ್ಲಿಗೆ ಕಲ್ಲು ಕಚ್ಚಿಕೊಂಡಿತ್ತು, ನಡುವೆ ಬ್ಲೇಡು ತೂರದು. ನಾನೇ ತೂರಿಸಿ ನೋಡಿದೆ.

ಮಳೆ ಬಿಟ್ಟ ಮೇಲೆ ಜೆಸಿಬಿ ಬಂತು. ಸುಲಭಕ್ಕೆ ಬಗ್ಗಲಿಲ್ಲ. "ಇದನ್ನ ಯಾವನೋ ಬೀಳೋ ಗೋಡೆ ಅಂದಿದ್ದು?" ಅಂತ ಡ್ರೈವರ್ ಎಲ್ಲರೆದುರು ಕೂಗಾಡಿದ. ನಾನು ಜನರ ಹಿಂದೆ ನಿಂತಿದ್ದೆ.

ಇಷ್ಟು ವರ್ಷ ಗಾಡಿ ಕೆಲಸ ಮಾಡಿದವನು ನಾನು. ಗಿರಾಕಿ ಬಂದು ಇಂಜಿನ್ನಿನಲ್ಲಿ ಸದ್ದು ಅಂದರೆ ಬಾನೆಟ್ ಎತ್ತಿ, ಕೈ ಹಾಕಿ, ಬಡಿದು ನೋಡದೆ ಬಾಯಿ ಬಿಡುವುದಿಲ್ಲ. ನನ್ನ ಗೋಡೆಯ ಮುಂದೆ ಮಾತ್ರ ಪೆನ್ಸಿಲು ಹಿಡಿದು ದೂರ ಕೂತೆ. ಒಂದು ಸುತ್ತಿಗೆ ತಗೊಂಡು ನಾಲ್ಕು ಬೆರಳಗಲ ಗಾರೆ ಕೆತ್ತಿದ್ದರೆ ಸಾಕಿತ್ತು. ಸುತ್ತಿಗೆ ಕೈಗೆಟುಕುವಲ್ಲೇ ಇತ್ತು. ಚಿತ್ರ ಬರೆಯುವವರು ಗೋಡೆ ಮುಟ್ಟುವುದಿಲ್ಲ ಅಂತ ನನಗೆ ಹೇಗೆ ತಲೆಗೆ ಹೋಯಿತೋ.

ಈಗ ಕಡೂರು ರಸ್ತೆಯಲ್ಲಿ ಇನ್ನೊಬ್ಬರ ಗ್ಯಾರೇಜಿನಲ್ಲಿ ಕೂಲಿ. ಜೆಸಿಬಿ ಬರುವ ಮೊದಲು ಒಂದು ದಿನ ಅತ್ತಿಗುಂಡಿಗೆ ಹೋಗಿ ಭಾಗಮ್ಮನನ್ನು ನೋಡಿ ಬಂದಿದ್ದೆ. ನನ್ನ ಎರಡೂ ಕೈ ಹಿಡಿದುಕೊಂಡು, "ನೀನೂ ಟೀಚರಮ್ಮನೂ ನನ್ ಜೀವ ಉಳಿಸಿದ್ರಿ ಕಣಪ್ಪ. ಈ ಮಳೇಲಿ ಅಲ್ಲಿದ್ದಿದ್ರೆ ಹೆಣ ಆಗ್ತಿದ್ದೆ" ಅಂದರು. ಗಾರೆ ಉದುರಿದ್ದನ್ನು ಆಗಲೇ ಕಣ್ಣಾರೆ ನೋಡಿದ್ದೆ. ಆದರೂ ಹೂಂ ಅಂದು ಬಂದೆ.

ಭಾನುವಾರ ಚಿತ್ರ ಬರೆಯಲು ಗುಂಪಿನವರು ಯಾರೋ ಕರೆಯುತ್ತಾರೆ. ನಾನು ಹೋಗುವುದಿಲ್ಲ.

ಇಜಾಜ್


ಕಳಸ
28-8-2024

ಇಜಾಜ್,

ನಿನ್ನ ಕಾಗದ ಕೈಯಲ್ಲಿ ಹಿಡಿದು ಇಡೀ ದಿನ ಕೂತಿದ್ದೆ. ತಂಗಿ ಬಂದು ಹಣೆ ಮುಟ್ಟಿ ನೋಡಿದಳು.

ನೀನು ಗೋಡೆ ಮುಟ್ಟಲಿಲ್ಲ ಅಂತ ಕೊರಗುತ್ತೀ. ನಾನು ಗೋಡೆ ನೋಡಲೇ ಇಲ್ಲವಲ್ಲೋ! ನಿನ್ನ ಚಿತ್ರದ ಜೆರಾಕ್ಸ್ ನೋಡಿದೆ. ಅದೂ ನಾನೇ ಒತ್ತಿ ಬರೆಸಿದ ಚಿತ್ರ. ಅದನ್ನು ನೋಡಿ ಒಬ್ಬಳ ಒಲೆ ಆರಿಸಿದೆ. ಒಮ್ಮೆ ಹೋಗಿ ಗೋಡೆ ಬಡಿದು ನೋಡು, ಆಮೇಲೆ ನನಗೆ ಬರಿ ಅಂತ ಒಂದು ಮಾತು ನನ್ನ ತಲೆಗೆ ಹೊಳೆಯಲಿಲ್ಲ. ನನ್ನ ಸತ್ಯದ ಮೇಲೆ ನನಗೆ ಅಷ್ಟು ಕೊಬ್ಬು.

ಭಾಗಮ್ಮ ನಮ್ಮನ್ನು ಹರಸುತ್ತಿದ್ದಾಳೆ ಅಂತ ಬರೆದಿದ್ದೀ. ಆ ಹರಕೆ ನನಗೆ ಬೇಡ, ಮೈ ಸುಡುತ್ತದೆ. ಕಾಲು ಊದಿದೆ, ಘಾಟಿ ಬಸ್ಸು ಹತ್ತಲಾರೆ, ಇಲ್ಲದಿದ್ದರೆ ನಾನೇ ಹೋಗುತ್ತಿದ್ದೆ. ಅವಳಿಗೆ ಎರಡು ಹಾಳೆ ಬೇರೆ ಬರೆದು ಇದರೊಳಗೆ ಇಟ್ಟಿದ್ದೇನೆ. ಅವಳಿಗೆ ಓದಲು ಬಾರದು. ನೀನೇ ಹೋಗಿ ಎದುರು ಕೂತು ಓದು. ಅವತ್ತು ಓದಿದ ಹಾಗೇ, ಒಂದಕ್ಷರ ಬಿಡದೆ.

ಸರೋಜಮ್ಮ

(ಒಳಗೆ)

ಭಾಗಮ್ಮನಿಗೆ ಸರೋಜಮ್ಮ ಟೀಚರ್ ಬರೆಯುವುದು.

ನಿನ್ನ ಗೋಡೆ ಗಟ್ಟಿಯಾಗಿತ್ತು ಭಾಗಮ್ಮ. ಬಿರುಕು ಮೇಲಿನ ಗಾರೆಯದು, ಒಳಗೆ ಏನೂ ಆಗಿರಲಿಲ್ಲ. ಮಾಡು ತೆಗೆದ ಮೇಲೂ ಆ ಗೋಡೆ ಮಳೆಗೆ ಬಗ್ಗಲಿಲ್ಲವಂತೆ. ನೀನು ಏಳಬೇಕಾಗಿರಲಿಲ್ಲ. ಏಳು ಅಂದವಳು ನಾನು. ನೀನು ಅಲ್ಲೇ ಇರಬೇಕು ಅಂತಲೇ ಇಜಾಜ್ ಬೇಡಿಕೊಂಡಿದ್ದ, ಅವನ ಮಾತು ಕೇಳದೆ ಹೋದವಳೂ ನಾನೇ.

ನಿನ್ನ ಕೈಯ ಕಡುಬು ತಿಂದು ಪಾಠ ಮಾಡಿದವಳು. ನಿನಗೆ ಹೀಗೆ ಮಾಡಿದೆ. ತಪ್ಪಾಯಿತು ಅಂದರೆ ನಿನ್ನ ಹೋಟೆಲು ಬರುವುದಿಲ್ಲ, ಆದರೂ ಅನ್ನದೆ ಇರಲಾರೆ. ನನ್ನನ್ನು ಹರಸಬೇಡ. ಬೈಯಬೇಕು ಅನ್ನಿಸಿದರೆ ಬಾಯಿ ತುಂಬ ಬೈದು ಇಜಾಜ್ ಕೈಯಲ್ಲಿ ಬರೆಸಿ ಕಳಿಸು. ಅದು ಬರುವವರೆಗೆ ಕಾಯುತ್ತಿರುತ್ತೇನೆ.


ಚಿಕ್ಕಮಗಳೂರು
15-10-2024

ಟೀಚರ್,

ತಡವಾಯಿತು. ಹೋಗಲು ಧೈರ್ಯ ಬರಲಿಲ್ಲ. ಮೊನ್ನೆ ಭಾನುವಾರ ಹೋದೆ.

ಅತ್ತಿಗುಂಡಿಯಲ್ಲಿ ರಸ್ತೆ ತುಂಬ ಟೂರಿಸ್ಟ್ ಗಾಡಿಗಳು. ಭಾಗಮ್ಮ ಆ ಹೋಮ್‌ಸ್ಟೇಯ ಹಿಂಬದಿಯ ತಗಡಿನ ಮಾಡಿನಡಿ ರೊಟ್ಟಿ ತಟ್ಟುತ್ತಿದ್ದರು. ತುಂಬ ಸೊರಗಿದ್ದಾರೆ. ನನ್ನನ್ನು ನೋಡಿ ಮುಖ ಅರಳಿತು. ಮಣೆ ಹಾಕಿದರು, ಕೇಳದೆ ರೊಟ್ಟಿ ಬಡಿಸಿದರು. "ಟೀಚರಮ್ಮ ಕಾಗ್ದ ಕಳಿಸಿದ್ದಾರೆ, ನಿಮಗೇ ಅಂತ" ಅಂದೆ. ಅವರು ಒಲೆ ಸಣ್ಣ ಮಾಡಿ, ಕೈ ತೊಳೆದು, ಸೆರಗು ಸರಿಮಾಡಿಕೊಂಡು ಎದುರು ಕೂತರು. ದೇವರ ಪ್ರಸಾದಕ್ಕೆ ಕೂತ ಹಾಗೆ ಕೂತರು.

ಹಾಳೆ ಬಿಚ್ಚಿದೆ. "ನಿನ್ನ ಗೋಡೆ" ಅನ್ನುವ ಮೊದಲ ಎರಡು ಮಾತು ನಾಲಿಗೆ ತುದಿಗೆ ಬಂತು. ಮುಖ ನೋಡಿದೆ. ಹೇಳಲಾಗಲಿಲ್ಲ ಟೀಚರ್. ಟೀಚರ್ ಆರೋಗ್ಯವಾಗಿದ್ದಾರೆ, ಕಾಲು ನೋವು, ಕಳಸದಲ್ಲಿ ಮಳೆ ಜೋರು, ನಿಮ್ಮ ಕಡುಬು ನೆನಪಾಗುತ್ತದಂತೆ, ಅಂತ ಬಾಯಿಗೆ ಬಂದದ್ದನ್ನು ಓದಿದ ಹಾಗೆ ಮಾಡಿದೆ. ಹಾಳೆ ಮಗುಚಿದೆ. ಇನ್ನೂ ಏನೋ ಸೇರಿಸಿ ಮುಗಿಸಿದೆ.

"ಅಷ್ಟೇನಾ?" ಅಂದರು.

"ಅಷ್ಟೇ."

"ಎರಡು ಹಾಳೆ ತುಂಬ ಬರ್ದಿದ್ದಾರೆ. ಅಷ್ಟೇನಾ?"

"ಅಷ್ಟೇ ಭಾಗಮ್ಮಾ."

ನನ್ನ ಕೈಯ ಹಾಳೆಗಳನ್ನೇ ನೋಡಿದರು. ಆಮೇಲೆ ಹೇಳಿದರು. "ಗೌರಿಹಬ್ಬಕ್ಕೆ ಹಾಲೇಶ ಬಂದಿದ್ದ. ಗೋಡೆ ವಿಷ್ಯ ಎಲ್ಲ ಹೇಳ್ದ. ಜೆಸಿಬಿಗೂ ಬಗ್ಗಲಿಲ್ವಂತೆ. ನೀನು ಮನಸ್ಸಿಗೆ ಹಚ್ಕೋಬೇಡ ಮಾರಾಯ. ನೀನು ಇರೋಣ ಅಂತಾನೇ ಅಂದೋನು, ನಿಂದೂ ನನ್ ಜೊತೆಗೇ ಹೋಯ್ತು. ಟೀಚರಮ್ಮ ದೊಡ್ಡೋರು, ಓದಿದೋರು. ಗೋಡೆ ಗಟ್ಟಿ ಇತ್ತು ಭಾಗಮ್ಮ, ನಂದು ತಪ್ಪಾಯ್ತು ಅಂತ ಒಂದು ಮಾತು ಬರೀತಾರೆ, ಬರೀತಾರೆ ಅಂತ ಅವತ್ತಿಂದ ಕಾಯ್ತಿದ್ದೆ. ಇನ್ನೇನೂ ಬೇಕಿರ್ಲಿಲ್ಲ ನಂಗೆ. ಇವತ್ತು ಕಾಗ್ದ ಅಂದ್ಯಲ್ಲ, ಅದೇ ಅಂದ್ಕೊಂಡೆ. ಕಡುಬು ನೆನಪಾಗತ್ತಂತೆ ಅವ್ರಿಗೆ."

ಆ ಮಾತು ನನ್ನ ಕೈಯಲ್ಲೇ ಇತ್ತು. ನಿಮ್ಮ ಅಕ್ಷರದಲ್ಲಿ, ಮೊದಲನೇ ಸಾಲಿನಲ್ಲೇ ಇತ್ತು. ಆಗಲಾದರೂ ತೆಗೆದು ಓದಬೇಕಿತ್ತು. ಓದಿದರೆ ಈಗ ತಾನೇ ಮುಖ ನೋಡಿ ಸುಳ್ಳು ಹೇಳಿದವನು ನಾನು ಅಂತಾಗುತ್ತದೆ. ಅವರು ತಪ್ಪಿಲ್ಲ ಅಂತ ಬಿಟ್ಟದ್ದು ನನ್ನೊಬ್ಬನನ್ನು. ನಾನು ಹಾಳೆ ಮಡಿಸಿ ಜೇಬಿಗೆ ಹಾಕಿಕೊಂಡೆ.

"ಇನ್ಮೇಲೆ ಅವ್ರಿಗೆ ನನ್ ಸುದ್ದಿ ಬರೀಬೇಡ" ಅಂದರು. ಎದ್ದು ಒಲೆ ದೊಡ್ಡದು ಮಾಡಿ, ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ತಿಂದು ಬಂದೆ.

ಇಜಾಜ್